ಪಾಲಿಶ್ ಅಂದರೆ ಹಚ್ಚುವುದಲ್ಲ, ಉಜ್ಜಿ ತೆಗೆಯುವುದು

"ಹೊಸ ಕಾರಿನ ಪೇಂಟ್ ಚೆನ್ನಾಗಿ ಉಳೀಬೇಕು ಅಂದ್ರೆ ಮೂರು ತಿಂಗಳಿಗೊಮ್ಮೆ ಪಾಲಿಶ್ ಮಾಡಿಸಬೇಕಂತೆ, ಹೌದಾ?" ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ದಯವಿಟ್ಟು ಮಾಡಿಸಬೇಡಿ. ಕೇಳುವವರ ಮನಸ್ಸಿನಲ್ಲಿರುವುದು ವ್ಯಾಕ್ಸ್, ಬಾಯಲ್ಲಿ ಬರುವುದು ಪಾಲಿಶ್. ವ್ಯಾಕ್ಸ್ ಪೇಂಟ್ ಮೇಲೆ ಪದರ ಕೂರಿಸುತ್ತದೆ, ಪಾಲಿಶ್ ಪೇಂಟನ್ನೇ ಸವೆಸುತ್ತದೆ.

ಈ ಗೊಂದಲ ಶುರುವಾದದ್ದು ಬೂಟ್ ಪಾಲಿಶ್‌ನಿಂದ ಅಂತ ನನ್ನ ಅಂದಾಜು. ಆ ಡಬ್ಬಿಯಲ್ಲಿರುವುದು ಹೆಚ್ಚಾಗಿ ಮೇಣ, ಅಂದರೆ ವ್ಯಾಕ್ಸೇ. ನೈಲ್ ಪಾಲಿಶ್ ಕೂಡ ಹಚ್ಚುವ ಬಣ್ಣ. ಹಾಗಾಗಿ ಪಾಲಿಶ್ ಅಂದರೆ ಏನನ್ನೋ ಬಳಿಯುವುದು ಅಂತ ತಲೆಯಲ್ಲಿ ಕೂತಿದೆ. ಪದದ ಮೂಲ ಮಾತ್ರ ಲ್ಯಾಟಿನ್ನಿನ ‘ಪೊಲಿರೆ’, ನುಣುಪು ಮಾಡುವುದು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು, ಅಲ್ಲಿಂದ ನಮಗೆ. ನುಣುಪಾಗಬೇಕಾದರೆ ಉಬ್ಬಿದ್ದದ್ದು ಸವೆಯಲೇಬೇಕು. ಈ ಅರ್ಥವೂ ನಮಗೆ ಹೊಸದೇನಲ್ಲ. ಪಾಲಿಶ್ ಅಕ್ಕಿ ಅಂತೀವಲ್ಲ, ಅಲ್ಲಿ ಮಿಲ್‌ನವರು ತೌಡನ್ನು ಉಜ್ಜಿ ತೆಗೆದಿರುತ್ತಾರೆ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಾಡಿಸುವಾಗ ಮೆಷಿನ್ ಅಡಿಯಿಂದ ಬೂದು ಬಣ್ಣದ ಕೆಸರು ಹರಿಯುತ್ತದೆ. ಅದು ಕೊಳೆ ಅಲ್ಲ, ನೆಲವೇ. ಕಾರಿನ ಪಾಲಿಶ್ ಕೂಡ ಇದೇ ಜಾತಿಯದ್ದು. ಅದರಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಸಣ್ಣ ಗಟ್ಟಿ ಕಣಗಳಿರುತ್ತವೆ. ಇನ್ನೂ ಒರಟಾದದ್ದು ರಬ್ಬಿಂಗ್ ಕಾಂಪೌಂಡ್.

ಸವೆಯುವುದು ಯಾವುದು ಅಂದರೆ ಕ್ಲಿಯರ್ ಕೋಟ್. ಪೇಂಟಿನ ಎಲ್ಲಕ್ಕಿಂತ ಮೇಲಿನ, ಬಣ್ಣವಿಲ್ಲದ ಪದರ ಅದು. ಹೊಳಪು ಅದರದ್ದೇ, ಬಿಸಿಲನ್ನು ತಡೆಯುವುದೂ ಅದೇ. ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ದಾಟುವುದು ಕಷ್ಟ. ಗೀರು ಮಾಯವಾಯಿತು ಅನ್ನುತ್ತೀರಲ್ಲ, ಗೀರನ್ನು ಯಾರೂ ತುಂಬಿಲ್ಲ. ಅದರ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಆಳಕ್ಕೆ ಇಳಿಸಿದ್ದಾರೆ. ವರ್ಷಕ್ಕೆ ನಾಲ್ಕು ಸಲ ಹೀಗೆ ಮಾಡಿಸಿದರೆ ಉಳಿಯುವುದೇನು? ಅದು ಪೂರ್ತಿ ಹೋದರೆ ಮತ್ತೆ ಪೇಂಟ್ ಮಾಡಿಸುವುದೊಂದೇ ದಾರಿ.

ಹಾಗಂತ ಪಾಲಿಶ್ ಕೆಟ್ಟದ್ದಲ್ಲ. ಗೀರು ಬಿದ್ದ ಮೇಲೆ ಮಾಡಿಸುವ ರಿಪೇರಿ ಅದು, ರಕ್ಷಣೆ ಅಲ್ಲ. ಗೀರು ಬೀಳದಂತೆ ನೋಡಿಕೊಳ್ಳುವುದು ತೊಳೆಯುವಾಗಲೇ. ಹೊಸ ಕಾರಿನ ಮೊದಲ ಗೀರು ಎಷ್ಟೋ ಸಲ ಪೂಜೆಯ ದಿನವೇ ಬೀಳುತ್ತದೆ. ಬಾನೆಟ್ ಮೇಲೆ ಅರಿಶಿನ ಕುಂಕುಮ ಹಚ್ಚುತ್ತೇವೆ, ಹೂವು ಇಡುತ್ತೇವೆ, ಅದು ಬೇಕು. ಆದರೆ ಸಂಜೆ ಒಣ ಬಟ್ಟೆಯಲ್ಲಿ ಒರೆಸಬೇಡಿ. ಕುಂಕುಮದ ಜೊತೆ ರಸ್ತೆ ಧೂಳೂ ಇರುತ್ತದೆ, ಬಟ್ಟೆಯಡಿ ಸಿಕ್ಕಿ ಗೀರುತ್ತದೆ. ಮೊದಲು ನೀರು ಹಾಯಿಸಿ, ಆಮೇಲೆ ಕಾರ್ ಶಾಂಪೂ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಹೊಡೆಸುವುದನ್ನೂ ನಿಲ್ಲಿಸಿ. ಬಿಸಿಲಲ್ಲಿ ತಿರುಗಿಸಿ ನೋಡಿದರೆ ಜೇಡರ ಬಲೆಯಂತೆ ಕಾಣುವ ಗೀರುಗಳು ಹೆಚ್ಚಾಗಿ ಅದರಿಂದಲೇ. ಬೋರ್‌ವೆಲ್ ನೀರಾದರೆ ನೆರಳಲ್ಲಿ ತೊಳೆದು ತಕ್ಷಣ ಒರೆಸಿ. ಹಾಗೇ ಒಣಗಿದರೆ ಸುಣ್ಣದ ಕಲೆ ಕೂರುತ್ತದೆ, ಅದನ್ನು ಬಿಡಿಸಲು ಮತ್ತೆ ಪಾಲಿಶ್ ಮಾಡಿಸುವ ಹಾಗಾಗುತ್ತದೆ.

ತೊಳೆದ ಮೇಲೆ ಹಚ್ಚುವುದು ವ್ಯಾಕ್ಸ್. ಒಳ್ಳೆಯ ವ್ಯಾಕ್ಸ್‌ಗಳಲ್ಲಿ ಬ್ರೆಜಿಲ್‌ನ ಕಾರ್ನೌಬಾ ತಾಳೆಯ ಎಲೆಯ ಮೇಣ ಇರುತ್ತದೆ. ಸೀಲಂಟ್ ಅದೇ ಕೆಲಸ ಮಾಡುವ ಕೃತಕ ಪದಾರ್ಥ, ಜಾಸ್ತಿ ದಿನ ನಿಲ್ಲುತ್ತದೆ. ಸಿರಾಮಿಕ್ ಕೋಟಿಂಗ್, ಅಂದರೆ ಪೇಂಟ್ ಮೇಲೆ ಹಚ್ಚಿದಾಗ ಗಟ್ಟಿಯಾಗಿ ಕೂರುವ ದ್ರವ, ಇನ್ನೂ ಜಾಸ್ತಿ ದಿನ ನಿಲ್ಲುತ್ತದೆ. ಅದು ಎಷ್ಟು ಗಟ್ಟಿ ಅಂತ ಹೇಳಲು ಬಳಸುವ ‘9ಎಚ್’ ಪೆನ್ಸಿಲ್ ಗೀರಿ ನೋಡುವ ಪರೀಕ್ಷೆಯ ಅಳತೆ, ಖನಿಜಗಳ ಗಡಸುತನ ಹೇಳುವ, ವಜ್ರಕ್ಕೆ 10 ಕೊಡುವ ಮೋಸ್ ಪಟ್ಟಿಯದ್ದಲ್ಲ. ಕಲ್ಲು ಸಿಡಿದರೆ ಅದೂ ತಡೆಯುವುದಿಲ್ಲ.

ಫ್ಯಾಕ್ಟರಿ ಪೇಂಟನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ, ಹಾಗಾಗಿ ಹೊಸ ಕಾರಿಗೆ ಮೊದಲ ವಾರವೇ ವ್ಯಾಕ್ಸ್ ಹಚ್ಚಬಹುದು. ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಮಾಡಿಸಿದ ಬಾಗಿಲಿಗೆ ಮಾತ್ರ ತಕ್ಷಣ ಬೇಡ. ಅದು ಪೂರ್ತಿ ಗಟ್ಟಿಯಾಗಲು ಎಷ್ಟು ವಾರ ಬೇಕು ಅಂತ ಪೇಂಟ್ ಮಾಡಿದವರನ್ನೇ ಕೇಳಿ.