‘ಎಲ್ಲಾ ಪದ ಗೊತ್ತು ಮೇಡಂ, ಮುಂದಿನದು ಕೊಡಿ’

ಕೆಲವು ವಾರದ ಹಿಂದೆ ಸಂಜೆ ಬ್ಯಾಚಿಗೆ ನಾಲ್ಕೇ ನಾಲ್ಕು ಸಾಲಿನ ಇಂಗ್ಲಿಷ್ ಕೊಟ್ಟಿದ್ದೆ. ಕೊರಿಯರ್‌ನವರು ಮೊಬೈಲಿಗೆ ಕಳಿಸುವಂಥ ಮೆಸೇಜು, ನಾನೇ ಬರೆದದ್ದು. ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಡುತ್ತೇನೆ. ಕಣ್ಣಿಗೆ ಸ್ವಲ್ಪ ಕಷ್ಟ, ಆದರೂ ಓದಿ.

‘ವಿ ಟ್ರೈಡ್ ಟು ಡೆಲಿವರ್ ಯುವರ್ ಪಾರ್ಸೆಲ್ ಬಟ್ ನೋ ಒನ್ ವಾಸ್ ಅವೈಲಬಲ್. ಇಟ್ ವಿಲ್ ಬಿ ಹೆಲ್ಡ್ ಅಟ್ ಅವರ್ ಕೌಂಟರ್ ಅಂಟಿಲ್ ಫ್ರೈಡೇ. ಅನ್‌ಲೆಸ್ ಯು ಕಲೆಕ್ಟ್ ಇಟ್ ಬೈ ದೆನ್, ಇಟ್ ವಿಲ್ ಬಿ ರಿಟರ್ನ್ಡ್ ಟು ದ ಸೆಲ್ಲರ್. ಚಾರ್ಜಸ್ ಮೇ ಅಪ್ಲೈ.’

ಒಟ್ಟು 36 ಪದ. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಿರಿ ಎಂದೆ. ಹದಿನಾಲ್ಕು ಜನರಲ್ಲಿ ಇಬ್ಬರು ‘ಅನ್‌ಲೆಸ್’ ಕೆಳಗೆ ಗೆರೆ ಎಳೆದರು. ಉಳಿದವರ ಹಾಳೆಯಲ್ಲಿ ಒಂದು ಗೆರೆಯೂ ಇಲ್ಲ. ‘ಎಲ್ಲಾ ಪದ ಗೊತ್ತು ಮೇಡಂ, ಮುಂದಿನದು ಕೊಡಿ’ ಎಂದ ಹಿಂದಿನ ಬೆಂಚಿನ ಹುಡುಗ.

ಮುಂದಿನದು ಕೊಡಲಿಲ್ಲ. ಪ್ರಶ್ನೆ ಕೇಳಿದೆ. ಪಾರ್ಸೆಲ್ ಈಗ ಎಲ್ಲಿದೆ? ಯಾವತ್ತಿನೊಳಗೆ ತರಬೇಕು? ತರದಿದ್ದರೆ ಏನಾಗುತ್ತೆ? ದುಡ್ಡು ಕೊಡಬೇಕಾ?

‘ಹೆಲ್ಡ್ ಅಂದ್ರೆ ಹಿಡಿದಿದ್ದಾರೆ ಮೇಡಂ. ಅದರೊಳಗೆ ಏನೋ ಇರಬಾರದ್ದು ಇತ್ತು ಅನ್ಸುತ್ತೆ’ ಎಂದಳು ಒಬ್ಬಳು. ‘ಚಾರ್ಜಿಗೆ ಅಪ್ಲೈ ಮಾಡಬೇಕು’ ಎಂದು ಇಬ್ಬರು ಹೇಳಿದರು. ಎಲ್ಲಿ, ಯಾಕೆ ಅಪ್ಲೈ ಮಾಡಬೇಕು ಅಂದರೆ ಗೊತ್ತಿಲ್ಲ. ಆ ಹಿಂದಿನ ಬೆಂಚಿನವನು ಮಾತ್ರ ಧೈರ್ಯವಾಗಿ ಹೇಳಿದ: ‘ಶುಕ್ರವಾರದೊಳಗೆ ತಗೊಂಡ್ರೆ ಸೆಲ್ಲರ್‌ಗೆ ವಾಪಸ್ ಹೋಗುತ್ತೆ.’ ನೀನು ಮನೆಗೆ ತಂದ ಮೇಲೆ ಅದು ಹೇಗಪ್ಪಾ ವಾಪಸ್ ಹೋಗುತ್ತೆ ಎಂದು ಕೇಳಿದಾಗ ಅವನೂ ನಕ್ಕ. ತರದಿದ್ದರೆ ತಾನೇ ವಾಪಸ್ ಹೋಗುವುದು. ‘ಹೆಲ್ಡ್’ ಅಂದರೂ ಕೌಂಟರಿನಲ್ಲಿ ಇಟ್ಟಿರುತ್ತಾರೆ ಅಂತ ಅಷ್ಟೇ.

ಹತ್ತೊಂಬತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಬೆಳಿಗ್ಗೆ ಡಿಗ್ರಿ ಕಾಲೇಜು. ವಾರಕ್ಕೆ ಮೂರು ಸಂಜೆ ದೊಡ್ಡವರ ಬ್ಯಾಚು. ಅಂಗಡಿ ಇಟ್ಟವರು, ಗಾರ್ಮೆಂಟ್ಸಿಗೆ ಹೋಗುವವರು, ಕೆಲಸ ಹುಡುಕುತ್ತಿರುವ ಹುಡುಗರು, ಮಕ್ಕಳ ಹೋಂವರ್ಕ್ ಅರ್ಥವಾಗಲಿ ಅಂತ ಬರುವ ತಾಯಂದಿರು. ಬಹುಪಾಲು ಕನ್ನಡ ಮೀಡಿಯಂನವರು. ಮೊದಲ ಹತ್ತು ವರ್ಷ ನಾನು ದಿನಕ್ಕೆ ಹತ್ತು ಹೊಸ ಪದ ಬರೆಸುತ್ತಿದ್ದೆ. ಬೋರ್ಡಿನ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಎಷ್ಟು ಉದ್ದದ ಪದವೋ ನನಗೆ ಅಷ್ಟು ಖುಷಿ. ಅವರು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಆಮೇಲೆ ಗ್ಯಾಸ್ ಏಜೆನ್ಸಿಯ ಒಂದು ನೋಟಿಸ್ ಓದಲು ಕೊಟ್ಟರೆ ತಡವರಿಸುತ್ತಿದ್ದರು. ದೊಡ್ಡ ಪದ ಕಲಿಸಿದ್ದು ತಪ್ಪಲ್ಲ. ಆದರೆ ಅವರು ಎಡವುತ್ತಿದ್ದದ್ದು ಅಲ್ಲಲ್ಲ. ಎಡವುತ್ತಿದ್ದದ್ದು ಗೊತ್ತು ಅಂದುಕೊಂಡ ಪದಗಳಲ್ಲಿ.

‘ಅಪ್ಲೈ’ಯನ್ನೇ ನೋಡಿ. ಕನ್ನಡದಲ್ಲಿ ನಾವು ದಿನಾ ಆಡುವ ಪದ. ರೇಷನ್ ಕಾರ್ಡಿಗೆ ಅಪ್ಲೈ ಮಾಡಿದ್ದೀವಿ, ಕೆಲಸಕ್ಕೆ ಅಪ್ಲೈ ಮಾಡಿದ್ದಾನೆ. ಅಂದರೆ ಅರ್ಜಿ ಹಾಕುವುದು. ಆ ಒಂದೇ ಅರ್ಥ ಕನ್ನಡಕ್ಕೆ ಬಂತು, ಉಳಿದವು ಇಂಗ್ಲಿಷಿನಲ್ಲೇ ಉಳಿದವು. ಮುಲಾಮಿನ ಟ್ಯೂಬಿನ ಮೇಲೆ ‘ಅಪ್ಲೈ’ ಅಂದರೆ ಹಚ್ಚಿ. ಜಾಹೀರಾತಿನ ಕೊನೆಯಲ್ಲಿ ಓಡೋಡಿ ಹೇಳುವ ‘ಕಂಡಿಷನ್ಸ್ ಅಪ್ಲೈ’ ಅಂದರೆ ಷರತ್ತುಗಳು ಅನ್ವಯಿಸುತ್ತವೆ. ಡ್ರೈವಿಂಗ್ ಸ್ಕೂಲಿನ ಪುಸ್ತಕದಲ್ಲಿ ‘ಅಪ್ಲೈ ದ ಬ್ರೇಕ್’ ಅಂದರೆ ಬ್ರೇಕ್ ಹಾಕಿ. ಅರ್ಜಿ ಹಾಕು, ಹಚ್ಚು, ಅನ್ವಯಿಸು, ಬ್ರೇಕ್ ಹಾಕು. ನಮಗೆ ನಾಲ್ಕು ಮಾತು, ಅವರಿಗೆ ಒಂದೇ ಪದ.

ಮುಲಾಮಿನ ಟ್ಯೂಬು ಅಂದ ಕೂಡಲೇ ಇನ್ನೊಂದು ನೆನಪಾಯಿತು. ‘ಅಪ್ಲೈ ಟು ದ ಅಫೆಕ್ಟೆಡ್ ಏರಿಯಾ’ ಎಂದು ಅದರ ಮೇಲೆ ಇರುತ್ತೆ. ಏರಿಯಾ ಅಂದರೆ ನಮ್ಮವರಿಗೆ ಬಡಾವಣೆ. 2020ರ ಲಾಕ್‌ಡೌನ್ ನೋಡಿದವರಿಗಂತೂ ‘ಅಫೆಕ್ಟೆಡ್ ಏರಿಯಾ’ ಅಂದರೆ ಬ್ಯಾರಿಕೇಡ್ ಹಾಕಿ ಮುಚ್ಚಿದ ಬೀದಿ! ತುರಿಕೆ ಇರುವ ಜಾಗಕ್ಕೂ ಅದೇ ಪದ ಅಂದರೆ ಅವರಿಗೆ ನಂಬಿಕೆ ಬರುವುದಿಲ್ಲ.

ಇಂಥವು ಎಷ್ಟೋ ಇವೆ. ಕರೆಂಟ್ ಅಂದರೆ ನಮಗೆ ವಿದ್ಯುತ್. ಹಾಗಾಗಿ ಫಾರಂನಲ್ಲಿ ‘ಕರೆಂಟ್ ಅಡ್ರೆಸ್’ ಕಂಡರೆ ಕರೆಂಟ್ ಬಿಲ್ಲಿನಲ್ಲಿರುವ ಅಡ್ರೆಸ್ ಅಂದುಕೊಳ್ಳುತ್ತಾರೆ. ತಮಾಷೆ ಅಂದರೆ ಎಷ್ಟೋ ಸಲ ಎರಡೂ ಒಂದೇ ಆಗಿರುತ್ತೆ, ಹಾಗಾಗಿ ತಪ್ಪು ಬಯಲಾಗುವುದೇ ಇಲ್ಲ. ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ‘ಔಟ್‌ಸ್ಟ್ಯಾಂಡಿಂಗ್’ ಇದ್ದರೆ ಸಿಹಿ ಹಂಚಬಹುದು, ಬಿಲ್ಲಿನಲ್ಲಿದ್ದರೆ ಬಾಕಿ ಕಟ್ಟಬೇಕು. ಹೋಟೆಲ್ ಅಂದರೆ ನಮಗೆ ಇಡ್ಲಿ ವಡೆ ಸಿಗುವ ಜಾಗ, ಮಲಗಲು ಇರುವುದು ಲಾಡ್ಜು. ಒಂದು ಪ್ಯಾಸೇಜಿನಲ್ಲಿ ‘ನಾವು ಉಳಿದುಕೊಂಡ ಹೋಟೆಲಿನಲ್ಲಿ ರೆಸ್ಟೋರೆಂಟ್ ಇರಲಿಲ್ಲ’ ಎಂಬ ಸಾಲಿತ್ತು. ಇಡೀ ತರಗತಿ ಅದನ್ನು ಪ್ರಿಂಟಿಂಗ್ ಮಿಸ್ಟೇಕ್ ಅಂದುಬಿಟ್ಟಿತು. ಹೋಟೆಲಿನಲ್ಲಿ ಊಟ ಇಲ್ಲ ಅಂದರೆ ಏನರ್ಥ, ಅಲ್ವಾ?

ನಗು ಬಾರದ ಪ್ರಸಂಗವೂ ಇದೆ. ಟೆಂಪೊ ಓಡಿಸುವ ಒಬ್ಬರು ನನ್ನ ಬ್ಯಾಚಿನಲ್ಲಿದ್ದರು. ಯಾವುದೋ ಬ್ಯಾಂಕಿನವರು ಫೋನ್ ಮಾಡಿ ಮಾಡಿ ಅವರಿಗೆ ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರು. ಪ್ರತಿ ತಿಂಗಳು ‘ಮಿನಿಮಮ್ ಡ್ಯೂ’ ಎಂದು ಬರುವ ಮೊತ್ತವನ್ನು ತಪ್ಪದೆ ಕಟ್ಟುತ್ತಿದ್ದರು. ಮಿನಿಮಮ್ ಗೊತ್ತು, ಆಟೊ ಮೀಟರಿನ ಮಿನಿಮಮ್ ಚಾರ್ಜ್ ಇದೆಯಲ್ಲ. ಅಷ್ಟು ಕೊಟ್ಟರೆ ಆ ಸವಾರಿಯ ಲೆಕ್ಕ ಮುಗಿಯಿತು. ಕಾರ್ಡಿನ ಲೆಕ್ಕ ಹಾಗಲ್ಲ. ಮಿನಿಮಮ್ ಕಟ್ಟಿದರೆ ಲೇಟ್ ಫೀ ತಪ್ಪುತ್ತೆ ಅಷ್ಟೇ, ಉಳಿದ ಬಾಕಿಗೆ ಬಡ್ಡಿ ಓಡುತ್ತಲೇ ಇರುತ್ತೆ. ಅವರು ಒಂಬತ್ತು ತಿಂಗಳು ಹಾಗೇ ಕಟ್ಟಿದ್ದರು. ‘ಒಂದು ಸಲವೂ ಡೇಟ್ ತಪ್ಪಿಸಿಲ್ಲ ಮೇಡಂ, ಆದರೂ ಸಾಲ ಯಾಕೆ ಇಳೀತಿಲ್ಲ?’ ಎಂದು ಸ್ಟೇಟ್‌ಮೆಂಟ್ ತಂದು ತೋರಿಸಿದರು. ಅವತ್ತಿನಿಂದ ನನ್ನ ಪಾಠದ ಕಾಗದಗಳು ಬದಲಾದವು. ಮುಂದಿನ ವಾರದ ಪ್ಯಾಸೇಜೇ ಕಾರ್ಡಿನ ಸ್ಟೇಟ್‌ಮೆಂಟು.

ಓದಿನ ಬಗ್ಗೆ ಕೆಲಸ ಮಾಡಿದವರು ಒಂದು ಅಂಕಿ ಹೇಳುತ್ತಾರೆ. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಹು ಎಂಬ ಸಂಶೋಧಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಒಂದು ಬರಹ ಅರ್ಥವಾಗಬೇಕಾದರೆ ಅದರ ಪದಗಳಲ್ಲಿ ನೂರಕ್ಕೆ ಸುಮಾರು 98 ಗೊತ್ತಿರಬೇಕು. ಐವತ್ತಕ್ಕೆ ಒಂದು ಪದ ಗೊತ್ತಿಲ್ಲದಿದ್ದರೆ ನಡೆಯುತ್ತೆ. 150 ಪದದ ಪ್ಯಾಸೇಜಾದರೆ ಮೂರು. ನಾನು ಪ್ಯಾಸೇಜ್ ಆರಿಸುವಾಗ ಈ ಲೆಕ್ಕ ನೋಡುತ್ತೇನೆ. ಕುಳಿತು ಪಾಠ ಮಾಡುವುದಾದರೆ ಏಳೆಂಟು ಹೊಸ ಪದ ಇದ್ದರೂ ಸರಿ. ಇಪ್ಪತ್ತು ಇದ್ದರೆ ಅದು ಓದಲ್ಲ, ಡಿಕ್ಷನರಿ ಹುಡುಕಾಟ. ಆ ಕಾಗದ ಪಕ್ಕಕ್ಕಿಡಿ.

ಆದರೆ ಈ ಲೆಕ್ಕಕ್ಕೆ ಒಂದು ಕಳ್ಳಗಿಂಡಿ ಇದೆ. ಗೊತ್ತು ಎಂದು ಯಾರು ಹೇಳಬೇಕು? ನನ್ನ ಹದಿನಾಲ್ಕು ಜನರಲ್ಲಿ ಹನ್ನೆರಡು ಜನ ನೂರಕ್ಕೆ ನೂರು ಗೊತ್ತು ಎಂದಿದ್ದರು.

ಗೊತ್ತಿರುವ ಪದಕ್ಕೂ ಗೊತ್ತಿಲ್ಲದ ಅರ್ಥ ಇರುತ್ತೆ ಎಂಬುದನ್ನು ಮೈಕಲ್ ವೆಸ್ಟ್ ಎಂಬ ಇಂಗ್ಲಿಷ್ ಮೇಷ್ಟ್ರು ಬಹಳ ಹಿಂದೆಯೇ ಗಮನಿಸಿದ್ದರು. 1920ರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು ಅವರು. ಬಂಗಾಳಿ ಹುಡುಗರಿಗೆ ಮಾತಿಗಿಂತ ಮೊದಲು ಓದು ಬೇಕು ಎಂದು ವಾದಿಸಿದರು. ಒಂದೇ ಪುಟದಲ್ಲಿ ಹೊಸ ಪದ ತುಂಬಬಾರದು, ಹಂಚಿ ಹಂಚಿ ಕೊಡಬೇಕು ಎಂದು ಪಠ್ಯಗಳನ್ನೇ ತಿದ್ದಿ ಬರೆದರು. 1953ರಲ್ಲಿ ಅವರು ಹೊರತಂದ ಸುಮಾರು 2000 ಪದಗಳ ಪಟ್ಟಿ ಜಗತ್ತಿನಾದ್ಯಂತ ಮೇಷ್ಟ್ರುಗಳ ಕೈಗೆ ಬಂತು. ಅದರಲ್ಲಿ ನನಗೆ ಇಷ್ಟವಾದದ್ದು ಪದಗಳ ಆಯ್ಕೆಯಲ್ಲ. ಒಂದೊಂದು ಪದದ ಕೆಳಗೂ ಅದರ ಬೇರೆ ಬೇರೆ ಅರ್ಥ ಬರೆದು, ಯಾವ ಅರ್ಥ ಎಷ್ಟು ಸಲ ಬಳಕೆಯಾಗುತ್ತೆ ಎಂಬ ಅಂಕಿಯನ್ನೂ ಅವರು ಕೊಟ್ಟಿದ್ದರು. ಪದ ಒಂದಾದರೂ ಅರ್ಥದ ಲೆಕ್ಕ ಬೇರೆ ಬೇರೆ. ನಮ್ಮ ನೋಟ್‌ಬುಕ್ಕಿನ ‘ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ’ದಲ್ಲಿ ಈ ಲೆಕ್ಕಕ್ಕೆ ಜಾಗವೇ ಇಲ್ಲ.

ಈಗ ನನ್ನ ಬ್ಯಾಚಿನಲ್ಲಿ ನೋಟ್‌ಬುಕ್ ಬರೆಯುವ ರೀತಿ ಬೇರೆ. ಪದ ಬರೆಯುವಂತಿಲ್ಲ, ಆ ಪದ ಇದ್ದ ಇಡೀ ಸಾಲು ಬರೆಯಬೇಕು. ಪಕ್ಕದಲ್ಲಿ ಅದೇ ಸಾಲನ್ನು ಮನೆಯಲ್ಲಿ ಆಡುವ ಕನ್ನಡದಲ್ಲಿ ಬರೆಯಬೇಕು. ‘ಚಾರ್ಜಸ್ ಮೇ ಅಪ್ಲೈ’ ಪಕ್ಕದಲ್ಲಿ ಒಬ್ಬಳು ಬರೆದಿದ್ದಳು: ‘ದುಡ್ಡು ಬೀಳಬಹುದು.’ ಎಷ್ಟು ಸರಿಯಾಗಿದೆ! ‘ಶುಲ್ಕಗಳು ಅನ್ವಯವಾಗಬಹುದು’ ಎಂದು ಬರೆದಿದ್ದರೆ ಅವಳಿಗೆ ಅರ್ಥವಾಗಿದೆಯೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಅದೇ ಪದ ಇನ್ನೊಂದು ಕಡೆ ಸಿಕ್ಕರೆ ಅದೇ ಪುಟಕ್ಕೆ ಬಂದು ಎರಡನೆಯ ಸಾಲು ಸೇರಿಸಬೇಕು. ‘ಚಾರ್ಜ್’ ಪುಟ ಈಗ ತುಂಬುತ್ತಾ ಬಂದಿದೆ: ಫೋನಿನ ಚಾರ್ಜು, ಡೆಲಿವರಿ ಚಾರ್ಜು, ಸ್ಟೇಷನ್ನಿನ ಇನ್‌ಚಾರ್ಜು, ಕೋರ್ಟಿನ ಚಾರ್ಜ್‌ಶೀಟು.

ಕನ್ನಡ ಬಳಸಬಾರದು, ಇಂಗ್ಲಿಷಿನಲ್ಲೇ ಯೋಚಿಸಬೇಕು ಎಂದು ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ‘ಅಂಟಿಲ್’ ಮತ್ತು ‘ಬೈ’ ನಡುವಿನ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸಿ ಸೋತಿದ್ದೇನೆ. ಕನ್ನಡದಲ್ಲಿ ಎರಡೇ ಪದ ಸಾಕು. ಶುಕ್ರವಾರದ‘ವರೆಗೆ’ ಇಟ್ಟಿರುತ್ತಾರೆ, ಶುಕ್ರವಾರದ‘ಒಳಗೆ’ ತರಬೇಕು. ‘ಅನ್‌ಲೆಸ್’ ವಿಷಯವೂ ಹಾಗೇ. ಕನ್ನಡದಲ್ಲಿ ‘ಇಲ್ಲ’ ಎಂಬುದು ಕ್ರಿಯಾಪದದೊಳಗೇ ಕೂತಿರುತ್ತೆ: ತರದಿದ್ದರೆ, ಕಟ್ಟದಿದ್ದರೆ. ಇಂಗ್ಲಿಷಿನಲ್ಲಿ ಆ ‘ಇಲ್ಲ’ ವಾಕ್ಯದ ಬಾಗಿಲಲ್ಲೇ ನಿಂತುಬಿಡುತ್ತೆ, ಆಮೇಲೆ ಬರುವ ‘ಯು ಕಲೆಕ್ಟ್’ನಲ್ಲಿ ಅದರ ಸುಳಿವೇ ಇರುವುದಿಲ್ಲ. ಅವಸರದಲ್ಲಿ ಓದುವವನು ಬಾಗಿಲು ನೋಡದೆ ಒಳಗೆ ನುಗ್ಗುತ್ತಾನೆ. ಹಾಗಾಗಿ ಅನ್‌ಲೆಸ್ ಕಂಡ ಕೂಡಲೇ ಮುಂದಿನ ಕ್ರಿಯಾಪದ ಹುಡುಕಿ, ಅದಕ್ಕೆ ‘ದಿದ್ದರೆ’ ಹಚ್ಚಿ ಎನ್ನುತ್ತೇನೆ. ವ್ಯಾಕರಣದ ಮಾತು ಅಷ್ಟಕ್ಕೇ ಮುಗಿಸುತ್ತೇನೆ.

ಒಂದು ಪ್ಯಾಸೇಜಿಗೆ ಮೂರು ದಿನ. ಮೊದಲ ದಿನ ಪೆನ್ನು ಕೆಳಗಿಟ್ಟು ಓದು. ಎರಡನೆಯ ದಿನ ಪ್ರಶ್ನೆ. ಆದರೆ ‘ಈ ಪದದ ಅರ್ಥವೇನು’ ಎಂದು ಕೇಳುವುದಿಲ್ಲ. ‘ಈ ಮೆಸೇಜು ನಿಮಗೆ ಬಂದರೆ ನಾಳೆ ಬೆಳಿಗ್ಗೆ ಏನು ಮಾಡ್ತೀರಿ’ ಎಂದು ಕೇಳುತ್ತೇನೆ. ಅರ್ಥವಾಗಿದ್ದರೆ ‘ಆಧಾರ್ ತಗೊಂಡು ಕೌಂಟರಿಗೆ ಹೋಗ್ತೀನಿ’ ಎನ್ನುತ್ತಾರೆ, ಆಗಿಲ್ಲದಿದ್ದರೆ ಸುಮ್ನೆ ತಲೆ ಅಲ್ಲಾಡಿಸುತ್ತಾರೆ. ಮೂರನೆಯ ದಿನ ಕಾಗದ ನೋಡದೆ ಪಕ್ಕದವರಿಗೆ ವಿಷಯ ಹೇಳಬೇಕು. ಇಂಗ್ಲಿಷೋ ಕನ್ನಡವೋ, ಹೇಗೆ ಬಂದರೆ ಹಾಗೆ.

ಮೊಬೈಲ್ ಕ್ಯಾಮೆರಾ ಹಿಡಿದರೆ ಅದೇ ಕನ್ನಡ ಮಾಡಿಕೊಡುತ್ತಲ್ಲ, ಇಷ್ಟೆಲ್ಲ ಯಾಕೆ ಎಂದು ಹುಡುಗರು ಕೇಳುತ್ತಾರೆ. ನಾನೂ ಬಳಸುತ್ತೇನೆ, ಬೇಡ ಎನ್ನುವುದಿಲ್ಲ. ಮೊದಲು ನೀವು ಓದಿ, ಆಮೇಲೆ ಫೋನಿಗೆ ಕೇಳಿ, ಎರಡೂ ಬೇರೆಯಾದರೆ ಆ ಸಾಲು ನನ್ನ ಹತ್ತಿರ ತನ್ನಿ. ಒಳ್ಳೆಯ ಪಾಠಗಳೆಲ್ಲ ಹುಟ್ಟುವುದು ಅಂಥ ಸಾಲಿನಲ್ಲಿ.

ಪ್ಯಾಸೇಜಿಗೆ ಪುಸ್ತಕ ಕೊಳ್ಳಬೇಕಾಗಿಲ್ಲ. ಮನೆಯಲ್ಲೇ ರಾಶಿ ಬಿದ್ದಿದೆ. ಔಷಧಿ ಪೆಟ್ಟಿಗೆಯೊಳಗಿನ ಚೀಟಿ, ಮಿಕ್ಸಿಯ ವಾರಂಟಿ ಕಾರ್ಡು, ಅಪಾರ್ಟ್‌ಮೆಂಟ್ ಲಿಫ್ಟಿನೊಳಗೆ ಅಂಟಿಸಿದ ನೋಟಿಸು, ಮಕ್ಕಳ ಸ್ಕೂಲಿನ ಸರ್ಕ್ಯುಲರು. ವಾರಂಟಿ ಕಾರ್ಡು ಸ್ವಲ್ಪ ಗಟ್ಟಿ ಪಿಂಡ, ಅದನ್ನು ಎರಡು ತಿಂಗಳ ನಂತರ ಮುಟ್ಟಿ. ಮೋಸದ ಮೆಸೇಜುಗಳನ್ನೂ ನಾನು ಪಾಠಕ್ಕೆ ತರುತ್ತೇನೆ. ‘ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿಯೇ ಕರೆಂಟ್ ಕಟ್’ ಎಂದು ಬರುತ್ತಲ್ಲ, ಅಂಥದ್ದು. ಅದರಲ್ಲಿ ಇಂಗ್ಲಿಷ್ ತಪ್ಪು ಹುಡುಕುವುದು ಹುಡುಗರಿಗೆ ಖುಷಿ. ಇಂಗ್ಲಿಷ್ ಸರಿಯಿದ್ದರೂ ಮೋಸ ಇರಬಹುದು ಎಂದು ನಾನು ಪ್ರತಿ ಸಲ ಹೇಳಬೇಕಾಗುತ್ತೆ.

ಹೋದ ವಾರ ಆ ಹಿಂದಿನ ಬೆಂಚಿನ ಹುಡುಗ ಯಾವುದೋ ಎಕ್ಸಿಬಿಷನ್ನಿನ ಪಾಸ್ ತಂದಿದ್ದ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು. ಈ ಸಲ ಎಲ್ಲಾ ಗೊತ್ತು ಎನ್ನಲಿಲ್ಲ. ‘ನಾನ್ ಟ್ರಾನ್ಸ್‌ಫರಬಲ್’ (ಬೇರೆಯವರಿಗೆ ಕೊಡುವಂತಿಲ್ಲ) ಮೇಲೆ ಬೆರಳಿಟ್ಟು ಕೇಳಿದ: ‘ಟ್ರಾನ್ಸ್‌ಫರ್ ಗೊತ್ತು ಮೇಡಂ, ನಮ್ಮಪ್ಪಂಗೆ ಮೂರು ಸಲ ಆಗಿದೆ. ಪಾಸಿಗೆ ಯಾಕೆ ಆಗುತ್ತೆ?’