ಒತ್ತಕ್ಷರಕ್ಕೆ ಜಾಗ ಬಿಟ್ಟಿದ್ದೀರಾ?

ಪುಸ್ತಕಗಳ ಪುಟವಿನ್ಯಾಸ ಮಾಡುವ ನನಗೆ ಪ್ರೂಫ್ ಎಲ್ಲ ಮುಗಿದ ಮೇಲೆ ಒಂದು ಫೋನು ಬರುವುದುಂಟು: ‘ಫಾಂಟ್ ಒಂದು ಬದಲಾಯಿಸಿಬಿಡಿ, ಉಳಿದದ್ದೆಲ್ಲ ಹಾಗೇ ಇರಲಿ.’ ಉಳಿದದ್ದು ಹಾಗೇ ಇರುವುದಿಲ್ಲ. ಒಂದು ಕವನ ಸಂಕಲನಕ್ಕೆ ಪ್ರಕಾಶಕರು ಹೀಗೇ ಕೇಳಿದರು. ಅಕ್ಷರ ಅದೇ 12 ಪಾಯಿಂಟ್, ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಅಂತರ ಅದೇ 15. ಹೊಸ ಫಾಂಟ್ ಹಾಕಿ ನೋಡಿದರೆ ‘ಸ್ವಾತಂತ್ರ್ಯ’ದ ರ-ಒತ್ತು ಕೆಳಗಿನ ಸಾಲಿನ ‘ಕೀರ್ತಿ’ಯ ಗುಡಿಸಿಗೆ ಹೋಗಿ ತಾಗಿತ್ತು.

12 ಪಾಯಿಂಟ್ ಎಂದರೆ ಅಕ್ಷರದ ಎತ್ತರವಲ್ಲ. ಅಚ್ಚುಮೊಳೆಯ ಕಾಲದಲ್ಲಿ ಅದು ಸೀಸದ ತುಂಡಿನ ಅಳತೆ. ಈಗ ಅಕ್ಷರ ಬಿಡಿಸುವ ಒಂದು ಕಾಣದ ಚೌಕದ ಅಳತೆ. ಆ ಚೌಕವನ್ನು ಸಾಮಾನ್ಯವಾಗಿ 1000 ಅಥವಾ 2048 ಭಾಗ ಮಾಡಿರುತ್ತಾರೆ. ಅದರೊಳಗೆ ‘ಕ’ ಎಷ್ಟು ದೊಡ್ಡದು, ಒತ್ತು ಎಷ್ಟು ಕೆಳಗೆ ಎಂಬುದು ಫಾಂಟ್ ಮಾಡಿದವರ ತೀರ್ಮಾನ. ಒಬ್ಬರು ‘ಕ’ವನ್ನು ದುಂಡಗೆ ದೊಡ್ಡದಾಗಿ ಬಿಡಿಸಿ ಒತ್ತನ್ನು ಚೌಕದಾಚೆ ಇಳಿಬಿಡುತ್ತಾರೆ. ಇನ್ನೊಬ್ಬರು ಒತ್ತೂ ಒಳಗೇ ಇರಲಿ ಎಂದು ‘ಕ’ವನ್ನೇ ಕುಗ್ಗಿಸುತ್ತಾರೆ. ಎರಡೂ 12 ಪಾಯಿಂಟೇ.

ಲೇಖಕರು ಇದನ್ನು ಮೊದಲೇ ಗಮನಿಸದಿರುವುದಕ್ಕೆ ಕಾರಣವಿದೆ. ಮೇಲೆ ಇಷ್ಟು, ಕೆಳಗೆ ಇಷ್ಟು ಜಾಗ ಬೇಕು ಎಂದು ಪ್ರತಿ ಫಾಂಟಿನೊಳಗೂ ಬರೆದಿಟ್ಟಿರುತ್ತದೆ. ಅವರು ಬರೆಯುವ ವರ್ಡ್‌ನಲ್ಲಿ ‘ಸಿಂಗಲ್’ ಅಂತರ ಕೊಟ್ಟರೆ ಅದು ಈ ಲೆಕ್ಕವನ್ನೇ ಹಿಡಿದು ಸಾಲನ್ನು ಬಿಡಿಸಿಕೊಳ್ಳುತ್ತದೆ. ನಾವು ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶ ಹಾಗಲ್ಲ. ಅದರ ‘ಆಟೋ’ ಅಂತರ ಅಕ್ಷರದಳತೆಯ ಶೇ. 120, ಅಂದರೆ 12ಕ್ಕೆ 14.4. ಇಂಗ್ಲಿಷಿಗೆ ಸಾಕು, ಅಲ್ಲಿ ಅಕ್ಷರ ಕೂರುವ ಗೆರೆಯ ಕೆಳಗಿಳಿಯುವುದು ಜಿ, ಪಿ, ವೈ ಥರದ ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ ಒಂದಿಡೀ ವ್ಯಂಜನವೇ ಕೆಳಗೆ ಕೂರಬೇಕು, ಕೆಲವು ಸಲ ಎರಡು. ನಾನು ಕನ್ನಡಕ್ಕೆ ‘ಆಟೋ’ ಇಡುವುದೇ ಇಲ್ಲ. ಫಾಂಟ್ ಆರಿಸುವ ಮೊದಲು ರಾಷ್ಟ್ರ, ವೈಶಿಷ್ಟ್ಯ, ವಿಸ್ತೃತ, ದಾರಿದ್ರ್ಯ ಎಂಬ ನಾಲ್ಕು ಪದಗಳನ್ನು ಸಾಲಿನ ಕೆಳಗೆ ಸಾಲಾಗಿ ಹೊಡೆದು, ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡುತ್ತೇನೆ.

ಹಳೆಯ ಕಡತಗಳ ಕಥೆ ಇನ್ನೊಂದು. ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಟ್ಟ ಜಾಗತಿಕ ಪದ್ಧತಿ) ಅರಿಯದು. ಅದರಲ್ಲಿ ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನಿಂದ ಮಾಡಿದ ಪುಟವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ ಹೀಗೆ ಏಳು ಗುರುತುಗಳಾಗಿ ಕಾಣುತ್ತದೆ. ಕಡತದಲ್ಲಿರುವುದು ಅಷ್ಟೇ. ತಲೆಕಟ್ಟಿಲ್ಲದ ಕ, ತಲೆಕಟ್ಟು, ತಲೆಕಟ್ಟಿಲ್ಲದ ನ, ತಲೆಕಟ್ಟು, ನ-ಒತ್ತು, ತಲೆಕಟ್ಟಿಲ್ಲದ ಡ, ಮತ್ತೆ ತಲೆಕಟ್ಟು: ಮೊಳೆ ಜೋಡಿಸಿದ ಹಾಗೆ. ‘ಮ’ ಬೇಕಾದರೆ ‘ವ’ಕ್ಕೆ ತಲೆಕಟ್ಟು ಕೊಟ್ಟು ಕೊಂಬು ಹಚ್ಚಬೇಕು. ವರ್ಷಗಟ್ಟಲೆ ಆ ತುಂಡುಗಳಲ್ಲೇ ಕನ್ನಡ ಅಚ್ಚಾಗಿದೆ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ.

ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಐದೇ ಸಂಕೇತ: ಕ, ನ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ನ, ಡ. ರೂಪ ಕಟ್ಟುವುದು ಫಾಂಟಿನ ಹೊಣೆ. ‘ಧರ್ಮ’ದಲ್ಲಿ ಹಳೆಯ ಕಡತ ಅರ್ಕಾವತ್ತನ್ನು ಕಂಡಂತೆ ‘ಮ’ದ ನಂತರ ಇಟ್ಟಿರುತ್ತದೆ, ಯೂನಿಕೋಡ್‌ಗೆ ಉಚ್ಚಾರದಂತೆ ‘ರ್’ ಮೊದಲು ಬರಬೇಕು. ಪರಿವರ್ತಕ ತಂತ್ರಾಂಶ ಈ ಅದಲುಬದಲು ಮಾಡುತ್ತದೆ, ಆದರೂ ಪರಿವರ್ತನೆಯಾದ ಮೇಲೆ ಅರ್ಕಾವತ್ತಿನ ಪದಗಳನ್ನೂ ಎರಡು ಒತ್ತುಗಳಿರುವ ಪದಗಳನ್ನೂ ನಾನು ಕಣ್ಣಾರೆ ಓದುತ್ತೇನೆ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದ್ದೀರಾ ನೋಡಿಕೊಳ್ಳಿ, ಇಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲಬಹುದು. ಹಳಗನ್ನಡದ ಪದ್ಯವಿದ್ದರೆ ೞ, ಱ ಆ ಫಾಂಟಿನಲ್ಲಿವೆಯೇ ಎಂದೂ ನೋಡಿ. ಇಲ್ಲದ ಕಡೆ ಗುಲಾಬಿ ಬಣ್ಣ ಬಳಿದು ಇನ್‌ಡಿಸೈನ್ ತೋರಿಸುತ್ತದೆ. ಕೆಲವು ತಂತ್ರಾಂಶಗಳು ಸದ್ದಿಲ್ಲದೆ ಬೇರೆ ಫಾಂಟಿನ ಅಕ್ಷರ ತಂದು ತುಂಬುತ್ತವೆ. ಅದು ಹೆಚ್ಚು ಅಪಾಯ.

ಆ ಸಂಕಲನಕ್ಕೆ ಕೊನೆಗೆ 18 ಪಾಯಿಂಟ್ ಅಂತರ ಕೊಟ್ಟೆವು. 96 ಪುಟ ಇದ್ದದ್ದು 112 ಆಯಿತು, ಹದಿನಾರು ಪುಟದ ಒಂದು ಫಾರಂ ಹೆಚ್ಚು. ಬೆನ್ನು ದಪ್ಪವಾದ್ದರಿಂದ ಮುಖಪುಟವನ್ನೂ ಮತ್ತೆ ಮಾಡಬೇಕಾಯಿತು.