ಒಂದು ದಿನಕ್ಕೆ ಎಷ್ಟು ಹಳ್ಳಿ? ಪ್ರೊವಾನ್ಸ್‌ಗೆ ಹೊರಟವರ ಪ್ರಶ್ನೆ

ಪ್ರಶ್ನೆ: ದಕ್ಷಿಣ ಫ್ರಾನ್ಸ್‌ನ ಲ್ಯುಬೆರೋನ್ ಬೆಟ್ಟದ ಕಡೆ ಹಳೇ ಹಳ್ಳಿಗಳನ್ನು ನೋಡಬೇಕು ಅಂತಿದ್ದೇವೆ. ಅಪ್ಪ, ಅಮ್ಮನೂ ಜೊತೆಗಿರುತ್ತಾರೆ. ಮ್ಯಾಪ್‌ನಲ್ಲಿ ನೋಡಿದರೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷ ಅಷ್ಟೇ. ಅವಿನ್ಯೋನ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ಒಂದೇ ದಿನದಲ್ಲಿ ಆರು ಹಳ್ಳಿ ಮುಗಿಸಬಹುದಾ?

ಮುಗಿಸಬಹುದು. ಆದರೆ ಆರು ಪಾರ್ಕಿಂಗ್ ಜಾಗ ನೋಡಿಕೊಂಡು ಬಂದ ಹಾಗಾಗುತ್ತದೆ. ನನ್ನನ್ನು ಕೇಳಿದರೆ ದಿನಕ್ಕೆ ಎರಡು ಹಳ್ಳಿ. ಮೂರನೆಯದು ಸಿಕ್ಕರೆ ಅದು ಲಾಭ.

ಮ್ಯಾಪ್ ಹೇಳುವುದೇನೂ ಸುಳ್ಳಲ್ಲ. ಗೋರ್ದ್‌ನಿಂದ ರೂಸಿಯೋನ್‌ಗೆ ಸುಮಾರು 10 ಕಿ.ಮೀ. ಲಾಕೋಸ್ತ್‌ನಿಂದ ಮೆನೆರ್ಬ್‌ಗೆ ಅದಕ್ಕಿಂತ ಕಡಿಮೆ. ತೊಂದರೆ ಇರುವುದು ಕಾರಿನಿಂದ ಇಳಿದ ಮೇಲೆ. ಈ ಊರುಗಳನ್ನು ಬೆಟ್ಟದ ನೆತ್ತಿಯಲ್ಲಿ ಕಟ್ಟಿದ್ದೇ ಕೆಳಗಿನಿಂದ ಬರುವವರು ಸುಲಭಕ್ಕೆ ಹತ್ತಬಾರದು ಅಂತ. ಓಣಿಗಳ ಅಗಲ ಹೇರು ಹೊತ್ತ ಕತ್ತೆಗೆ ಸಾಕು, ಕಾರಿಗೆ ಸಾಲದು. ಹಾಗಾಗಿ ಊರ ಹೊರಗೆ ದುಡ್ಡು ಕೊಟ್ಟು ಕಾರು ನಿಲ್ಲಿಸಬೇಕು. ಅಲ್ಲಿಂದ ಉರುಟು ಕಲ್ಲು ಹಾಸಿದ ದಾರಿಯಲ್ಲಿ ನಡೆದು ಏರಬೇಕು. ಮಂಡಿನೋವಿನ ಅಮ್ಮ ಜೊತೆಗಿದ್ದರೆ ಈ ಏರಿಗೇ ಅರ್ಧ ಗಂಟೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಮಧ್ಯಾಹ್ನದ್ದು. 12ರಿಂದ 2ರವರೆಗೆ ಸಣ್ಣ ಅಂಗಡಿಗಳು ಮುಚ್ಚುತ್ತವೆ, ಊಟದ ಹೋಟೆಲುಗಳು ತೆರೆದಿರುತ್ತವೆ. 2 ಆಯಿತೋ, ಅಡುಗೆಮನೆಯೂ ಬಂದ್. ನಾವು ಒಂದು ದಿನ 2.10ಕ್ಕೆ ಹೋಗಿ ನಿಂತೆವು. ಅಡುಗೆಯವರು ಏಪ್ರನ್ ಬಿಚ್ಚಿ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಪಾತ್ರೆ ತೊಳೆಯುವ ಸದ್ದು. ನಮಗೆ ಸಿಕ್ಕಿದ್ದು ಕಾಫಿ ಮಾತ್ರ. ಅವತ್ತು ಡಿಕ್ಕಿಯಲ್ಲಿದ್ದ ಕೋಡುಬಳೆ ಡಬ್ಬಿಯೇ ಊಟ. ಸಸ್ಯಾಹಾರಿಗಳಿಗೆ ಒಂದು ಮಾತು: ಬ್ರೆಡ್ ಜೊತೆ ಬರುವ ಕಪ್ಪು ಆಲಿವ್ ಚಟ್ನಿ, ತಪೆನಾದ್, ಸೊಪ್ಪು ಸದೆಯ ಹಾಗೆ ಕಾಣುತ್ತದೆ ಅಷ್ಟೇ. ಅದರಲ್ಲಿ ಆಂಚೊವಿ ಮೀನು ಅರೆದಿರುತ್ತಾರೆ. ಕೇಳಿಯೇ ತಿನ್ನಿ. ಬದನೆ, ಟೊಮೆಟೊ ಹಾಕಿದ ರಾಟಟೂಯಿ ಆದರೆ ಮನೆಯ ಗೊಜ್ಜಿನ ನೆಂಟ.

ನಾನಾದರೆ ಮೊದಲ ದಿನ ಬೆಳಿಗ್ಗೆ ಎಂಟೂವರೆಗೆ ಗೋರ್ದ್‌ನಲ್ಲಿ ಇರುತ್ತೇನೆ, ಟೂರಿಸ್ಟ್ ಬಸ್‌ಗಳು ಬರುವ ಮುಂಚೆ. ಹತ್ತಿರದಲ್ಲೇ 1148ರಲ್ಲಿ ಶುರುವಾದ ಸೆನಾಂಕ್ ಮಠ ಇದೆ. ಮುಂದೆ ಲ್ಯಾವೆಂಡರ್ ಸಾಲು, ಹಿಂದೆ ಬೂದು ಕಲ್ಲಿನ ಗೋಡೆ. ಫೋಟೋದಲ್ಲಿ ಎಲ್ಲರೂ ನೋಡಿರುವ ಜಾಗ. ಹೂ ನೋಡಬೇಕಾದರೆ ಜೂನ್ ಕೊನೆಯಿಂದ ಜುಲೈ ನಡುವಿನ ಹೊತ್ತಿಗೆ ಹೋಗಬೇಕು. ಆಗಸ್ಟ್‌ನಲ್ಲಿ ಹೋದವರಿಗೆ ಕುಯ್ದ ಕಡ್ಡಿ ದರ್ಶನ.

ಮಧ್ಯಾಹ್ನ ರೂಸಿಯೋನ್. ಇಲ್ಲಿ ಮಾತ್ರ ಅವಸರ ಮಾಡಬೇಡಿ. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಜಾಜು ಬಳಿಯುತ್ತಿದ್ದರಲ್ವಾ, ಅದೇ ಜಾತಿಯ ಮಣ್ಣಿನ ಮೇಲೆ ಇಡೀ ಊರು ಕೂತಿದೆ. 18ನೇ ಶತಮಾನದ ಕೊನೆಯಲ್ಲಿ ಜಾನ್ ಎತಿಯೆನ್ ಆಸ್ತಿಯೆ ಎಂಬ ಸ್ಥಳೀಯರು ಈ ಮಣ್ಣನ್ನು ತೊಳೆದು ಮರಳು ಬೇರ್ಪಡಿಸಿ ಬಣ್ಣ ಮಾಡುವ ಕೆಲಸ ಶುರು ಮಾಡಿದರು. ಆಮೇಲೆ ಅದು ದೊಡ್ಡ ಉದ್ಯಮವಾಯಿತು. ಕಾರ್ಖಾನೆ ಬಣ್ಣಗಳು ಬಂದ ಮೇಲೆ ಕುಸಿಯಿತು. ಹಳೇ ಗಣಿಯ ಜಾಗದಲ್ಲೇ ಈಗ ಕಾಲುದಾರಿ ಇದೆ. ಚಿಕ್ಕ ಸುತ್ತಿಗೆ ಅರ್ಧ ಗಂಟೆ ಸಾಕು. ಅಕ್ಕಪಕ್ಕ ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು, ಮತ್ತೆ ಹಳದಿ. ಪೈನ್ ಮರದ ಬೇರುಗಳಿಗೂ ಅದೇ ಬಣ್ಣ. ವಾಪಸು ಊರೊಳಗೆ ಬಂದು ಮನೆಗಳ ಗೋಡೆ ನೋಡಿ. ಈಗ ನಡೆದು ಬಂದ ಮಣ್ಣೇ ಗಾರೆಯಾಗಿ ಮೇಲೆ ಕೂತಿದೆ. ಬಿಳಿ ಶೂ ಮಾತ್ರ ಹಾಕಬೇಡಿ. ಬಾಡಿಗೆ ಕಾರಿನ ಮ್ಯಾಟ್‌ನಿಂದ ಆ ಕೆಂಪು ಬಿಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಎರಡನೇ ದಿನ ಯಾವ ಹಳ್ಳಿಗೂ ಸೇರದ ಒಂದು ಜಾಗ ಮೊದಲು. ಬೊನ್ಯೂ ಹತ್ತಿರ ಕಲಾವೋನ್ ಹೊಳೆಗೆ ರೋಮನ್ನರು ಕ್ರಿ.ಪೂ. 3ರಲ್ಲಿ ಕಟ್ಟಿದ ಸೇತುವೆ ಇದೆ, ಪೋಂ ಜೂಲಿಯಾಂ ಅಂತ. ಮೂರು ಕಮಾನು. ಕಂಬಗಳಲ್ಲೂ ಕಿಂಡಿ ಬಿಟ್ಟಿದ್ದಾರೆ, ನೆರೆ ಬಂದಾಗ ನೀರು ಹಾದುಹೋಗಲಿ ಅಂತ. ಇಟಲಿಯಿಂದ ಸ್ಪೇನ್ ಕಡೆಗೆ ಹೋಗುವ ಹೆದ್ದಾರಿ ಇದರ ಮೇಲೇ ಹಾದುಹೋಗಿತ್ತು. 2005ರವರೆಗೂ ಇದರ ಮೇಲೆ ಕಾರು ಓಡುತ್ತಿತ್ತು! ಈಗ ಪಕ್ಕದಲ್ಲಿ ಹೊಸ ಸೇತುವೆ ಮಾಡಿ ಇದನ್ನು ನಡೆಯುವವರಿಗೆ, ಸೈಕಲ್‌ನವರಿಗೆ ಬಿಟ್ಟಿದ್ದಾರೆ. ಹತ್ತಲು ಮೆಟ್ಟಿಲಿಲ್ಲ, ಹಾಗಾಗಿ ಅಪ್ಪ, ಅಮ್ಮನಿಗೂ ಸುಲಭ. ಆರು ಹಳ್ಳಿಯ ಪಟ್ಟಿ ಹಿಡಿದು ಓಡುವವರು ಇದನ್ನು ನೋಡುವುದೇ ಇಲ್ಲ.

ಅಲ್ಲಿಂದ ಬೊನ್ಯೂಗೆ ಹತ್ತಿ, ಎದುರು ಬೆಟ್ಟದ ಲಾಕೋಸ್ತ್ ಕಡೆ ನೋಡಿ. ಬೊನ್ಯೂ ಪೋಪ್‌ನ ಆಡಳಿತದಲ್ಲಿದ್ದ ಕ್ಯಾಥೊಲಿಕ್ ಊರು, ಲಾಕೋಸ್ತ್ ಪ್ರಾಟೆಸ್ಟೆಂಟರ ಊರು. ಧರ್ಮಯುದ್ಧಗಳ ಕಾಲದಲ್ಲಿ ಇವೆರಡರ ನಡುವಿನ ಆ ದ್ರಾಕ್ಷಿತೋಟದ ಕಣಿವೆ ಎಷ್ಟು ಚಿಕ್ಕದು ಅನ್ನಿಸಿರಬೇಡ! ಪಕ್ಕದ ಮೆನೆರ್ಬ್‌ನಲ್ಲಂತೂ ಪ್ರಾಟೆಸ್ಟೆಂಟರು 1573ರಿಂದ 1578ರವರೆಗೆ ಮುತ್ತಿಗೆ ತಡೆದುಕೊಂಡು ಕೂತಿದ್ದರು. ಹೇಗೆ ಅಂತ ಆ ಕಡಿದಾದ ಗುಡ್ಡ ಏರಿದವರಿಗೆ ಹೇಳಬೇಕಾಗಿಲ್ಲ. ಬೊನ್ಯೂ ಜೊತೆಗೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನ ಓಟು ಮೆನೆರ್ಬ್‌ಗೆ.

ಡ್ರೈವಿಂಗ್ ಬಗ್ಗೆ ಚುಟುಕಾಗಿ. ಭಾರತದ ಲೈಸೆನ್ಸ್ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಇಟ್ಟುಕೊಳ್ಳಿ. ಬಲಗಡೆ ಓಡಿಸುವುದು ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ಗೇರ್ ಬಲಗೈಗೆ ಬರುವುದೇ ಜಾಸ್ತಿ ಕಾಡುತ್ತದೆ. ಎರಡು ದಿನ ಕಿಟಕಿ ಹಿಡಿಯನ್ನೇ ತಡಕಾಡಿದೆ. ಆಟೋಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ಹಳ್ಳಿಯೊಳಗೆ ಬೋರ್ಡ್ ಇಲ್ಲದ ಕಡೆ ಬಲಗಡೆಯ ಸಂದಿಯಿಂದ ಬರುವವರಿಗೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಸಂದಿಯಾದರೂ. ನಾವು ಬೈಸಿಕೊಂಡದ್ದು ಇದಕ್ಕೇ. ಇನ್ನು ಪಂಪಿನ ಮೇಲೆ ‘ಗಾಜೋಲ್’ ಅಂತಿದ್ದರೆ ಅದು ಡೀಸೆಲ್. ಗ್ಯಾಸೋಲಿನ್ ಇರಬೇಕು ಅಂದುಕೊಂಡು ಪೆಟ್ರೋಲ್ ಕಾರಿಗೆ ತುಂಬಿಸಿದರೆ ಪ್ರವಾಸ ಅಲ್ಲಿಗೇ ನಿಂತಿತು.

ಮೂರನೇ ದಿನ ಇದ್ದರೆ ಬೆಟ್ಟವನ್ನು ಸೀಳಿಕೊಂಡು ಹೋಗುವ ಕಣಿವೆ ರಸ್ತೆಯಲ್ಲಿ ಲೂರ್ಮಾರಾಂಗೆ ಹೋಗಿ. ತಿರುವು ಜಾಸ್ತಿ, ವಾಂತಿ ಬರುವವರನ್ನು ಮುಂದೆ ಕೂರಿಸಿ. ಫ್ರೆಂಚ್ ಲೇಖಕ ಆಲ್ಬೆರ್ ಕಮೂ 1957ರ ನೊಬೆಲ್ ದುಡ್ಡಿನಲ್ಲಿ ಮನೆ ಕೊಂಡಿದ್ದು ಇದೇ ಊರಲ್ಲಿ. 1960ರ ಜನವರಿಯಲ್ಲಿ ಇಲ್ಲಿಂದ ಪ್ಯಾರಿಸ್‌ಗೆ ರೈಲಲ್ಲಿ ಹೋಗುವುದೆಂದಿತ್ತು. ಕೊನೆಗೆ ಗೆಳೆಯರ ಕಾರು ಹತ್ತಿದರು, ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡರು. ಬಳಸದ ಟಿಕೆಟ್ ಜೇಬಿನಲ್ಲೇ ಇತ್ತು. ಊರ ಸ್ಮಶಾನದಲ್ಲಿ ಅವರ ಸಮಾಧಿ ಒಂದು ಒರಟು ಕಲ್ಲು, ಮೇಲೆ ಹೆಸರು, ಇಸವಿ, ಅಷ್ಟೇ.

ಸಾಧ್ಯವಾದರೆ ಶುಕ್ರವಾರ ಹೋಗಿ, ಅವತ್ತು ಸಂತೆ. ಮರಗಳ ನೆರಳಲ್ಲಿ ಮೇಕೆ ಹಾಲಿನ ಚೀಸ್, ಆಲಿವ್, ಹತ್ತಿರದ ಕಾವಯ್ಯೋಂ ಊರಿನ ಕರ್ಬೂಜ ಎಲ್ಲ ಸಿಗುತ್ತದೆ. 9 ಗಂಟೆಯೊಳಗೆ ತಲುಪಿ. ತಡವಾದರೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಊರ ಸುತ್ತ ಪ್ರದಕ್ಷಿಣೆ ಹಾಕಬೇಕಾಗುತ್ತದೆ.